ಒಲೆ ಮುಟ್ಟುವ ಮೊದಲೇ ಕಳೆದುಹೋಗುವ ಅನಿಲ

ದಾವಣಗೆರೆಯ ಬಡಾವಣೆಗಳಲ್ಲಿ ಓಡಾಡುವಾಗ ಕೆಲವು ಮನೆಗಳ ಹೊರಗೋಡೆಯ ಮೇಲೆ ತೆಳ್ಳನೆಯ ಕೊಳವೆಯೊಂದನ್ನು ನೀವು ಗಮನಿಸಿರಬಹುದು. ಅದು ನೆಲದಿಂದ ಮೇಲೆದ್ದು, ಪುಟ್ಟ ಮೀಟರೊಂದನ್ನು ಹಾಯ್ದು, ಗೋಡೆಯ ರಂಧ್ರದ ಮೂಲಕ ಅಡುಗೆಮನೆಗೆ ಹೋಗುತ್ತದೆ. ಬಂಕ್‌ಗಳಲ್ಲಿ ಸಿಎನ್‌ಜಿಗಾಗಿ ಕಾಯುವ ಆಟೋಗಳನ್ನಂತೂ ನೋಡಿಯೇ ಇರುತ್ತೀರಿ. ಕೊಳವೆಯಲ್ಲಿ ಹರಿಯುವುದೂ ಆಟೋದ ಸಿಲಿಂಡರಿಗೆ ತುಂಬುವುದೂ ಒಂದೇ ವಸ್ತು. ಅದರ ಹೆಸರು ನೈಸರ್ಗಿಕ ಅನಿಲ. ಅದು ನಮ್ಮ ಒಲೆಯವರೆಗೆ ಬರುವ ದಾರಿಯನ್ನು ನಿಮಗೆ ಪರಿಚಯಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ದಾರಿಯುದ್ದಕ್ಕೂ ಅದು ಎಲ್ಲೆಲ್ಲಿ ಕಳೆದುಹೋಗುತ್ತದೆ, ಕಳೆದುಹೋದರೆ ನಮಗೇನು ನಷ್ಟ, ಅದನ್ನು ತಡೆಯುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ರಸಾಯನಶಾಸ್ತ್ರ ನಿಮಗೆ ಮರೆತುಹೋಗಿದ್ದರೂ ಚಿಂತೆಯಿಲ್ಲ. ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು.

ನಮ್ಮ ಜಿಲ್ಲೆಯಲ್ಲಿ ತೈಲಬಾವಿ ಇಲ್ಲ, ತೈಲ ಶುದ್ಧೀಕರಣ ಘಟಕವೂ ಇಲ್ಲ. ಹಾಗಿರುವಾಗ ತೈಲ ಮತ್ತು ಅನಿಲ ಉದ್ಯಮದ ವಿಚಾರ ನಮಗೇಕೆ ಎಂದು ನೀವು ಕೇಳಬಹುದು. ಆ ಉದ್ಯಮದ ಕೊನೆಯ ತುದಿ ಈಗ ನಮ್ಮ ರಸ್ತೆಗಳ ಕೆಳಗೇ ಹಾದುಹೋಗಿದೆ. ಸಾವಿರಾರು ಮೈಲಿ ದೂರದ ಬಾವಿಯಲ್ಲಿ ನಡೆಯುವುದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

ತಳಹದಿಯಿಂದ ಆರಂಭಿಸೋಣ. ಸೂರ್ಯನ ಬೆಳಕು ಗಾಳಿಯನ್ನು ಹಾಯ್ದು ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಕಳಿಸುತ್ತದೆ. ಇವನ್ನು ಅವಕೆಂಪು ಕಿರಣಗಳು ಎನ್ನುತ್ತಾರೆ. ಗಾಳಿಯ ಬಹುಭಾಗವಾದ ಸಾರಜನಕ ಮತ್ತು ಆಮ್ಲಜನಕ ಈ ಕಿರಣಗಳನ್ನು ತಡೆಯುವುದಿಲ್ಲ. ಆದರೆ ಅತ್ಯಲ್ಪ ಪ್ರಮಾಣದಲ್ಲಿರುವ ಕೆಲವು ಅನಿಲಗಳು ಅವನ್ನು ಹೀರಿಕೊಂಡು, ಒಂದಷ್ಟನ್ನು ಮತ್ತೆ ನೆಲದ ಕಡೆಗೇ ಬಿಡುತ್ತವೆ. ಇವೇ ಹಸಿರುಮನೆ ಅನಿಲಗಳು. ಇವು ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು, ಹೆಚ್ಚಾದರೆ ಅಳತೆ ಮೀರಿ ಬಿಸಿಯಾಗುತ್ತದೆ. ಕಾರ್ಖಾನೆಗಳ ಯುಗ ಆರಂಭವಾಗುವ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡಿನವು ಸುಮಾರು 280 ಇದ್ದವು. ಈಗ 420ನ್ನು ದಾಟಿವೆ. ಮೀಥೇನ್ ಎಂಬ ಇನ್ನೊಂದು ಅನಿಲದ ಪ್ರಮಾಣ ಅದೇ ಅವಧಿಯಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚಾಗಿದೆ.

ಈ ಮೀಥೇನ್ ಅನ್ನು ನಾವು ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ಕೊಳವೆಯಲ್ಲಿರುವ ನೈಸರ್ಗಿಕ ಅನಿಲದ ಬಹುಪಾಲು ಅದೇ. ಅದರ ಒಂದೊಂದು ಕಣದಲ್ಲೂ ಇಂಗಾಲದ ಒಂದು ಪರಮಾಣು, ಜಲಜನಕದ ನಾಲ್ಕು ಪರಮಾಣುಗಳಿರುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ, ದನದ ಹೊಟ್ಟೆಯಲ್ಲಿ, ಊರಿನ ಕಸದ ರಾಶಿಯ ಒಳಗೆ ಸೂಕ್ಷ್ಮಜೀವಿಗಳು ಇದನ್ನು ತಯಾರಿಸುತ್ತಲೇ ಇರುತ್ತವೆ. ಭದ್ರಾ ಕಾಲುವೆಯ ನೀರುಂಡ ನಮ್ಮ ಭತ್ತದ ಗದ್ದೆಗಳಿಂದ ಏಳುವುದೂ ಇದೇ. ನೆಲದಾಳದಲ್ಲಿ ಕೋಟ್ಯಂತರ ವರ್ಷ ಹುದುಗಿದ್ದು ಬಾವಿಯ ಮೂಲಕ ಮೇಲೆ ಬರುವುದೂ ಇದೇ.

ಮೀಥೇನ್ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ. 16 ಕಿಲೋ ಮೀಥೇನ್ ಪೂರ್ಣವಾಗಿ ಉರಿದರೆ 44 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಕಿಲೋಗೆ 2.75 ಕಿಲೋ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉರಿಯದೆ ಹಾಗೇ ಗಾಳಿಗೆ ಸೇರಿದರೆ ಏನಾಗುತ್ತದೆ? ಇಡೀ ವಿಷಯದ ಗಂಟು ಇಲ್ಲಿದೆ. ಮಂಡಕ್ಕಿ ಭಟ್ಟಿ ನೋಡಿದವರಿಗೆ ಬೆಂಕಿಯ ಎರಡು ಸ್ವಭಾವ ತಿಳಿದಿರುತ್ತದೆ. ಹುಲ್ಲಿಗೆ ಹತ್ತಿದ ಬೆಂಕಿ ಮುಖ ಸುಡುವಷ್ಟು ಭುಗಿಲೆದ್ದು ಬೇಗ ಆರುತ್ತದೆ, ಭತ್ತದ ಹೊಟ್ಟಿನ ಕೆಂಡ ಮಂದವಾಗಿ ದಿನವಿಡೀ ಕಾಯುತ್ತದೆ. ಮೀಥೇನ್ ಹುಲ್ಲಿನ ಬೆಂಕಿಯ ಜಾತಿ, ಇಂಗಾಲದ ಡೈಆಕ್ಸೈಡ್ ಹೊಟ್ಟಿನ ಕೆಂಡದ ಜಾತಿ. ಗಾಳಿ ಸೇರಿದ ಮೀಥೇನ್ ಸರಾಸರಿ ಹನ್ನೆರಡು ವರ್ಷಗಳಷ್ಟು ಕಾಲ ಉಳಿದು ಒಡೆದುಹೋಗುತ್ತದೆ. ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಳವರೆಗೆ ಇದ್ದೇ ಇರುತ್ತದೆ. ಹಾಗಾಗಿ ಎರಡನ್ನೂ ಹೋಲಿಸುವಾಗ ಎಷ್ಟು ವರ್ಷದ ಅವಧಿಗೆ ಎಂದು ಮೊದಲೇ ಹೇಳಬೇಕಾಗುತ್ತದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ ಆರನೆಯ ವರದಿಯ ಪ್ರಕಾರ, ನೆಲದಾಳದಿಂದ ಬಂದ ಒಂದು ಕಿಲೋ ಮೀಥೇನ್ ನೂರು ವರ್ಷಗಳ ಅವಧಿಯಲ್ಲಿ ಸುಮಾರು 30 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಪ್ಪತ್ತು ವರ್ಷಗಳ ಅವಧಿಯಲ್ಲಾದರೆ ಸುಮಾರು 82 ಕಿಲೋಗೆ ಸಮ. ಹೀಗೆ ಬೇರೆ ಬೇರೆ ಅನಿಲಗಳನ್ನು ಒಂದೇ ತಕ್ಕಡಿಗೆ ತಂದು ಹೇಳುವ ಅಳತೆಗೆ ‘ಇಂಗಾಲದ ಡೈಆಕ್ಸೈಡ್ ಸಮಾನ’ ಎಂದು ಹೆಸರು.

ಉರಿದರೆ 2.75. ಉರಿಯದೆ ಸೋರಿದರೆ 30, ಇಲ್ಲವೇ 82. ಈ ಅಂತರವನ್ನು ಒಮ್ಮೆ ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಿ.

ಈಗ ಉದ್ಯಮದತ್ತ ತಿರುಗೋಣ. ತೈಲ, ಅನಿಲಗಳಿಂದಾಗುವ ಹೊರಸೂಸುವಿಕೆಯನ್ನು ಎರಡು ಪಾಲಾಗಿ ನೋಡಬೇಕು. ಹೊರಸೂಸುವಿಕೆ ಎಂದರೆ ಗಾಳಿಗೆ ಬಿಟ್ಟ ಹಸಿರುಮನೆ ಅನಿಲದ ಮೊತ್ತ. ದೊಡ್ಡ ಪಾಲು ನೀವು ನಾವು ಬಳಸುವಾಗ, ಅಂದರೆ ಬೈಕಿನ ಎಂಜಿನ್ನಿನಲ್ಲಿ, ಒಲೆಯಲ್ಲಿ, ಕಾರ್ಖಾನೆಯ ಬಾಯ್ಲರಿನಲ್ಲಿ ಉಂಟಾಗುತ್ತದೆ. ಇನ್ನೊಂದು ಪಾಲು ಇಂಧನ ನಮ್ಮ ಕೈಗೆ ಬರುವ ಮುಂಚೆಯೇ, ಬಾವಿ ತೋಡುವಾಗ, ಸಾಗಿಸುವಾಗ, ಶುದ್ಧೀಕರಿಸುವಾಗ ಆಗಿಹೋಗಿರುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಈ ಎರಡನೆಯ ಪಾಲು 2022ರಲ್ಲಿ ಸುಮಾರು 510 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾಗಿತ್ತು. ಇಂಧನ ಕ್ಷೇತ್ರದ ಒಟ್ಟು ಹೊರಸೂಸುವಿಕೆಯಲ್ಲಿ ಅದು ಹೆಚ್ಚುಕಡಿಮೆ ಶೇ. 15. ಮೊದಲ ಪಾಲನ್ನು ಇಳಿಸಬೇಕಾದರೆ ಕೋಟ್ಯಂತರ ವಾಹನ, ಒಲೆ, ಯಂತ್ರಗಳು ಬದಲಾಗಬೇಕು. ಎರಡನೆಯದು ಕೆಲವೇ ಸಂಸ್ಥೆಗಳ ಕೈಯಲ್ಲಿದೆ, ಅದಕ್ಕೆ ಬೇಕಾದ ಉಪಕರಣಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಆದ್ದರಿಂದಲೇ ಅದು ಇನ್ನೂ ಉಳಿದಿರುವುದು ನನಗೆ ಅಷ್ಟು ನೋವಿನ ಸಂಗತಿ.

ನಮ್ಮ ಅನಿಲದ ದಾರಿಯನ್ನು ಹಿಡಿದು ಹೋದರೆ ಇದು ಸ್ಪಷ್ಟವಾಗುತ್ತದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಸಮುದ್ರ ತೀರದಲ್ಲಿ ದಾಭೋಳ್ ಎಂಬ ಊರಿದೆ. ಅಲ್ಲಿ ಹಡಗುಗಳಿಂದ ದ್ರವರೂಪದ ನೈಸರ್ಗಿಕ ಅನಿಲವನ್ನು ಇಳಿಸಿಕೊಳ್ಳುವ ಘಟಕ 2013ರಲ್ಲಿ ಕೆಲಸ ಆರಂಭಿಸಿತು. ಅದೇ ವರ್ಷ ದಾಭೋಳ್‌ನಿಂದ ಬೆಂಗಳೂರಿನವರೆಗೆ ಸುಮಾರು ಒಂದು ಸಾವಿರ ಕಿಲೋಮೀಟರ್ ಉದ್ದದ ಗೇಲ್ ಸಂಸ್ಥೆಯ ಕೊಳವೆಮಾರ್ಗವೂ ಚಾಲನೆಗೆ ಬಂತು. ಬೆಳಗಾವಿ, ಧಾರವಾಡ, ಗದಗ, ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ರಾಮನಗರ ಎಂದು ಅದು ನಮ್ಮ ನಾಡಿನ ಒಳಗೇ ಸಾಗುತ್ತದೆ. ಹಲವು ವರ್ಷ ಆ ಅನಿಲ ನಮ್ಮ ಪಕ್ಕದಲ್ಲೇ ಹಾದುಹೋಗುತ್ತಿತ್ತು, ನಮಗೆ ಸಿಗುತ್ತಿರಲಿಲ್ಲ. 2018ರಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು ನಗರ ಅನಿಲ ವಿತರಣೆಯ ಒಂಬತ್ತನೆಯ ಸುತ್ತಿನ ಹರಾಜು ನಡೆಸಿತು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಪರವಾನಗಿ ಯೂನಿಸನ್ ಎನ್ವೈರೋ ಎಂಬ ಸಂಸ್ಥೆಗೆ ದೊರೆಯಿತು. ಅಶೋಕ ಗ್ಯಾಸ್ ಎಂಬ ಹೆಸರಿನಲ್ಲಿ ಜನ ಅದನ್ನು ಬಲ್ಲರು. 2024ರ ಆರಂಭದಲ್ಲಿ ಮುಂಬೈನ ಮಹಾನಗರ ಗ್ಯಾಸ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಹರಿಹರವೂ ಇದೇ ಪರವಾನಗಿಯ ವ್ಯಾಪ್ತಿಯೊಳಗಿದೆ.

ದಾಭೋಳ್‌ಗಿಂತ ಹಿಂದಕ್ಕೆ ಹೋದರೆ ಎಲ್ಲಿಗೆ ತಲುಪುತ್ತೇವೆ? 2018ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಸಬೀನ್ ಪಾಸ್ ಬಂದರಿನಿಂದ ಗೇಲ್ ತನ್ನ ದೀರ್ಘಾವಧಿ ಒಪ್ಪಂದದ ಮೊದಲ ಹಡಗನ್ನು ತರಿಸಿಕೊಂಡದ್ದು ಇದೇ ದಾಭೋಳ್‌ಗೆ. ಮನೆ ಮತ್ತು ವಾಹನಗಳಿಗೆ ನಮ್ಮ ದೇಶದ ಬಾವಿಗಳ ಅನಿಲವನ್ನು ಆದ್ಯತೆಯ ಮೇಲೆ ಹಂಚುವುದು ಸರ್ಕಾರದ ನೀತಿ. ಆದರೆ ಅದು ಕಾಗದದ ಮೇಲಿನ ಹಂಚಿಕೆ. ಕೊಳವೆಯೊಳಗೆ ಎಲ್ಲಿಯ ಅನಿಲ ಎಲ್ಲಿಯದರೊಂದಿಗೆ ಬೆರೆತಿದೆ ಎಂದು ಬೇರ್ಪಡಿಸಲಾಗದು. ಹಾಗಾಗಿ ನಿಮ್ಮ ಒಲೆಯ ನೀಲಿ ಜ್ವಾಲೆಗೆ ಮುಂಬೈ ಕಡಲಿನ ಬಾವಿಯ ಸಂಬಂಧವೂ ಇರಬಹುದು, ಟೆಕ್ಸಾಸಿನ ಬಾವಿಯ ಸಂಬಂಧವೂ ಇರಬಹುದು.

ಬಾವಿಯ ಬಳಿ ಆಗುವ ಮೊದಲ ನಷ್ಟ ರಾತ್ರಿ ಆಕಾಶದಿಂದಲೂ ಕಾಣುವಂಥದು. ತೈಲಕ್ಕಾಗಿ ಕೊರೆದ ಬಾವಿಯಲ್ಲಿ ತೈಲದ ಜೊತೆ ಅನಿಲವೂ ಬರುತ್ತದೆ. ಹತ್ತಿರದಲ್ಲಿ ಕೊಳವೆ ಇಲ್ಲದಿದ್ದರೆ, ಕೊಳ್ಳುವವರಿಲ್ಲದಿದ್ದರೆ, ಅದನ್ನು ಎತ್ತರದ ಚಿಮಣಿಯ ತುದಿಯಲ್ಲಿ ಸುಟ್ಟುಬಿಡುತ್ತಾರೆ. ಇದಕ್ಕೆ ಉದ್ಯಮದವರು ಫ್ಲೇರಿಂಗ್ ಎನ್ನುತ್ತಾರೆ. ವಿಶ್ವಬ್ಯಾಂಕ್ ಉಪಗ್ರಹಗಳ ನೆರವಿನಿಂದ ಪ್ರತಿವರ್ಷ ಇದನ್ನು ಅಳೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೀಗೆ ಉರಿದುಹೋಗುತ್ತಿರುವುದು ವರ್ಷಕ್ಕೆ ಸುಮಾರು 15,000 ಕೋಟಿ ಘನ ಮೀಟರ್. ಇಡೀ ಭಾರತ ಒಂದು ವರ್ಷ ಬಳಸುವ ನೈಸರ್ಗಿಕ ಅನಿಲದ ಎರಡು ಪಟ್ಟು! ಒಂದು ಚಪಾತಿಯನ್ನೂ ಬೇಯಿಸದೆ, ಒಂದು ಬಸ್ಸನ್ನೂ ಓಡಿಸದೆ ಅಷ್ಟೂ ಬೂದಿಯೂ ಉಳಿಯದೆ ಸುಟ್ಟುಹೋಗುತ್ತದೆ.

ಸುಡುವುದಾದರೂ ಸರಿಯಾಗಿ ಸುಡುತ್ತದೆಯೇ ಎಂದು ನೀವು ಕೇಳಿದರೆ, ಅದು ಒಳ್ಳೆಯ ವಿದ್ಯಾರ್ಥಿಯ ಪ್ರಶ್ನೆ. ಫ್ಲೇರ್ ತನಗೆ ಬಂದ ಮೀಥೇನಿನ ಶೇ. 98ನ್ನು ಸುಡುತ್ತದೆ ಎಂದು ಬಹುಕಾಲ ಲೆಕ್ಕ ಹಿಡಿಯುತ್ತಿದ್ದರು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಮೂರು ತೈಲ ಪ್ರದೇಶಗಳ ಮೇಲೆ ವಿಮಾನ ಹಾರಿಸಿ ಅಳೆದಾಗ ಅದು ಶೇ. 91ರಷ್ಟು ಮಾತ್ರ ಎಂದು ತಿಳಿಯಿತು. ಕೆಲವು ಜ್ವಾಲೆಗಳು ಆರಿಯೇ ಹೋಗಿದ್ದವು, ಅನಿಲ ಮಾತ್ರ ಹೊರಬರುತ್ತಲೇ ಇತ್ತು. ಉಳಿದ ಶೇ. 2 ಎಂದುಕೊಂಡದ್ದು ಶೇ. 9 ಆದರೆ, ಸೋರಿದ ಮೀಥೇನ್ ನಾಲ್ಕೂವರೆ ಪಟ್ಟಾಯಿತು. ಅಂದಾಜಿಗೂ ಅಳತೆಗೂ ಇರುವ ಈ ವ್ಯತ್ಯಾಸವನ್ನು ನೀವು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುತ್ತೀರಿ. ಫ್ಲೇರಿಂಗ್‌ಗೆ ಪರಿಹಾರ ಕಷ್ಟದ್ದೇನೂ ಅಲ್ಲ. ಅನಿಲವನ್ನು ಹಿಡಿದು ಕೊಳವೆಗೆ ಸೇರಿಸಬಹುದು, ಅಲ್ಲೇ ವಿದ್ಯುತ್ ತಯಾರಿಸಬಹುದು, ಅಥವಾ ಒತ್ತಡ ಹಾಕಿ ಮತ್ತೆ ನೆಲದೊಳಕ್ಕೇ ಕಳಿಸಬಹುದು.

ಎರಡನೆಯ ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ಬಾವಿಯ ಬಳಿ ಮತ್ತು ಕೊಳವೆಮಾರ್ಗದ ಉದ್ದಕ್ಕೂ ಕವಾಟಗಳಿರುತ್ತವೆ. ವಿದ್ಯುತ್ ಇಲ್ಲದ ದೂರದ ಜಾಗಗಳಲ್ಲಿ ಅವನ್ನು ತೆರೆದು ಮುಚ್ಚಲು ಕೊಳವೆಯೊಳಗಿನ ಅನಿಲದ ಒತ್ತಡವನ್ನೇ ಬಳಸುವ ಸಾಧನಗಳನ್ನು ಕೂರಿಸಿರುತ್ತಾರೆ. ಕವಾಟ ಒಮ್ಮೆ ಅಲುಗಿದಾಗ ಒಂದು ಗುಟುಕು ಅನಿಲ ಹೊರಹೋಗುತ್ತದೆ. ಲಕ್ಷಾಂತರ ಸಾಧನಗಳು, ವರ್ಷಗಟ್ಟಲೆ. ಅನಿಲವನ್ನು ಒತ್ತಿ ಮುಂದಕ್ಕೆ ತಳ್ಳುವ ಯಂತ್ರಕ್ಕೆ ಕಂಪ್ರೆಸರ್ ಎನ್ನುತ್ತಾರೆ. ಅದರ ದಂಡ ಹಿಂದೆ ಮುಂದೆ ಓಡುವ ಜಾಗದಲ್ಲಿ ಅನಿಲ ನಿಲ್ಲಿಸಲು ಸುತ್ತಿರುವ ಪ್ಯಾಕಿಂಗ್ ಸವೆದಂತೆ ಅಲ್ಲಿಂದಲೂ ಸೋರಿಕೆ. ತೈಲದ ತೊಟ್ಟಿಗಳಲ್ಲಿ ಮೇಲೆ ಕೂಡುವ ಆವಿಯನ್ನು ಹೊರಗೆ ಬಿಡುವುದು ಇನ್ನೊಂದು. ಕೊಳವೆಯ ಒಂದು ತುಂಡನ್ನು ದುರಸ್ತಿ ಮಾಡಬೇಕಾದಾಗ ಅದರೊಳಗಿನ ಅನಿಲವನ್ನೆಲ್ಲ ಆಕಾಶಕ್ಕೆ ಬಿಟ್ಟು ಖಾಲಿ ಮಾಡುವುದು ಮತ್ತೂ ಒಂದು. ಸುಡದೆ ಬೇಕೆಂದೇ ಹೊರಬಿಡುವ ಈ ಕೆಲಸಕ್ಕೆ ವೆಂಟಿಂಗ್ ಎಂದು ಹೆಸರು.

ಇವುಗಳಲ್ಲಿ ಯಾವುದನ್ನು ತಡೆಯಲೂ ಹೊಸ ಆವಿಷ್ಕಾರ ಬೇಕಿಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಕವಾಟ ತಿರುಗಿಸಲು ಅನಿಲದ ಬದಲು ಸಂಕುಚಿತ ಗಾಳಿ ಬಳಸಬಹುದು, ಅಥವಾ ಸೌರಫಲಕವೊಂದಕ್ಕೆ ಜೋಡಿಸಿದ ಪುಟ್ಟ ಮೋಟರ್ ಸಾಕು. ಪ್ಯಾಕಿಂಗನ್ನು ಕಾಲಕಾಲಕ್ಕೆ ಬದಲಿಸಬೇಕು. ತೊಟ್ಟಿಯ ಆವಿಯನ್ನು ಹೀರಿ ಮರಳಿ ಕೊಳವೆಗೆ ಸೇರಿಸುವ ಯಂತ್ರಗಳಿವೆ. ದುರಸ್ತಿಗೆ ಮುನ್ನ ಒಂದು ತುಂಡಿನ ಅನಿಲವನ್ನು ಪಕ್ಕದ ತುಂಡಿಗೆ ಪಂಪ್ ಮಾಡಬಹುದು. ಹರಿಹರ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ಹೆಸರಾದ ಊರು. ಅಲ್ಲಿ ದುಡಿದ ಯಾವ ಫಿಟ್ಟರ್‌ಗೆ ತೋರಿಸಿದರೂ ಈ ಕೆಲಸಗಳು ಅವರಿಗೆ ಅಪರಿಚಿತ ಎನಿಸಲಾರವು. ತೈಲ ಮತ್ತು ಅನಿಲ ಉದ್ಯಮ ಹೊರಬಿಡುವ ಮೀಥೇನ್ ವರ್ಷಕ್ಕೆ ಸುಮಾರು 8 ಕೋಟಿ ಟನ್. ಅದರಲ್ಲಿ ಸುಮಾರು ಶೇ. 70ನ್ನು ಇಂದು ಗೊತ್ತಿರುವ ವಿಧಾನಗಳಿಂದಲೇ ನಿಲ್ಲಿಸಬಹುದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಉಳಿಸಿದ ಅನಿಲವನ್ನು ಮಾರಿದರೆ ಖರ್ಚಿನ ಒಳ್ಳೆಯ ಪಾಲು ಮರಳಿ ಬರುತ್ತದೆ.

ಆದರೆ ಸೋರಿಕೆ ಎಲ್ಲಿದೆ ಎಂದು ಕಂಡರೆ ತಾನೆ ಮುಚ್ಚುವುದು? ತುಂಗಭದ್ರೆಯ ದಂಡೆಯವರಾದ ನಮಗೆ ಇದರ ಮಹತ್ವ ಬೇಗ ತಿಳಿಯುತ್ತದೆ. 1980ರ ದಶಕದಲ್ಲಿ ನದಿ ಸೇರುವ ಕಾರ್ಖಾನೆ ನೀರಿನ ವಿರುದ್ಧ ಇಲ್ಲಿ ಜನ ದನಿ ಎತ್ತಿದರು. ಅವರಿಗೆ ನೀರಿನ ಬಣ್ಣ ಕಾಣುತ್ತಿತ್ತು, ವಾಸನೆ ಬಡಿಯುತ್ತಿತ್ತು. ಮೀಥೇನ್ ವಿಷಯದಲ್ಲಿ ಅಂಥ ಸಾಕ್ಷಿ ಯಾವುದೂ ಇಲ್ಲ, ಅದಕ್ಕಾಗಿ ಉಪಕರಣ ಬೇಕು. ಅತ್ಯಂತ ಸರಳವಾದುದು ನಿಮ್ಮ ಮನೆಯಲ್ಲೇ ಇದೆ. ಸಿಲಿಂಡರಿನ ರೆಗ್ಯುಲೇಟರ್ ಬಳಿ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತೇವಲ್ಲ, ದೊಡ್ಡ ಘಟಕಗಳಲ್ಲೂ ಕೀಲುಗಳನ್ನು ಹೀಗೇ ಪರೀಕ್ಷಿಸುತ್ತಾರೆ. ಇದಕ್ಕಿಂತ ಮುಂದಿನದು ಅವಕೆಂಪು ಕ್ಯಾಮರಾ. ಮೀಥೇನ್ ಶಾಖದ ಕಿರಣವನ್ನು ಹೀರಿಕೊಳ್ಳುತ್ತದೆ ಎಂದು ಆರಂಭದಲ್ಲಿ ಹೇಳಿದೆನಲ್ಲ, ಆ ಗುಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬರಿಗಣ್ಣಿಗೆ ಏನೂ ಇಲ್ಲದ ಕಡೆ ಕ್ಯಾಮರಾದ ಪರದೆಯ ಮೇಲೆ ಹೊಗೆಯಂತೆ ಅನಿಲ ಏಳುವುದು ಕಾಣಿಸುತ್ತದೆ. ಭೂಮಿಯನ್ನು ಬಿಸಿಮಾಡುವ ಗುಣವೇ ಅದನ್ನು ಹಿಡಿದುಕೊಡುತ್ತದೆ. ಇದೇ ತತ್ವದ ಮೇಲೆ ವಾಹನಕ್ಕೆ ಕಟ್ಟಿದ ಲೇಸರ್ ಸಾಧನಗಳಿವೆ, ಯುರೋಪಿನ ಸೆಂಟಿನೆಲ್-5ಪಿ ಯಂಥ ಉಪಗ್ರಹಗಳೂ ಇವೆ. ಸೋರಿಕೆಯನ್ನು ಹೀಗೆ ಕ್ರಮವಾಗಿ ಹುಡುಕಿ, ದುರಸ್ತಿ ಮಾಡಿ, ಮತ್ತೆ ಅಳೆದು ಖಚಿತಪಡಿಸಿಕೊಳ್ಳುವುದನ್ನು ಉದ್ಯಮದವರು ‘ಎಲ್‌ಡಿಎಆರ್’ ಎಂದು ಕರೆಯುತ್ತಾರೆ. ಪತ್ರಿಕೆಗಳಲ್ಲಿ ಈ ನಾಲ್ಕಕ್ಷರ ಕಂಡರೆ ಇನ್ನು ನಿಮಗೆ ಅರ್ಥವಾಗುತ್ತದೆ. ನಮ್ಮ ದೇಶದ ತೈಲ ಸಂಸ್ಥೆ ಒಎನ್‌ಜಿಸಿ 2007ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸ್ವಯಂಪ್ರೇರಿತ ಮೀಥೇನ್ ಕಾರ್ಯಕ್ರಮಕ್ಕೆ ಸೇರಿದ ಮೇಲೆ ಇಂಥ ಹುಡುಕಾಟವನ್ನು ಆರಂಭಿಸಿತು.

ಬಾವಿಯಿಂದ ಹಡಗಿಗೆ ಬರುವಾಗಲೂ ಖರ್ಚಿದೆ. ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಅದು ದ್ರವವಾಗಿ, ಗಾತ್ರ ಆರುನೂರರ ಒಂದು ಪಾಲಿಗೆ ಕುಗ್ಗುತ್ತದೆ. ಈ ತಣಿಸುವ ಕೆಲಸಕ್ಕೆಂದೇ ಅನಿಲದ ಸುಮಾರು ಹತ್ತನೆಯ ಒಂದು ಪಾಲು ಉರಿದುಹೋಗುತ್ತದೆ.

ಈಗ ನಮ್ಮ ಊರಿಗೆ ಬಂದೆವು. ಊರಿನ ಮುಖ್ಯ ಉಕ್ಕಿನ ಕೊಳವೆಯಲ್ಲಿ ಒತ್ತಡ ಹೆಚ್ಚು. ಅಲ್ಲಿಂದ ಬಡಾವಣೆಗಳಿಗೆ ಕವಲೊಡೆಯುವ ಕೊಳವೆಗಳು ಗಟ್ಟಿ ಪ್ಲಾಸ್ಟಿಕ್ಕಿನವು, ಒತ್ತಡ ಸುಮಾರು 4 ಬಾರ್. ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ಮನೆಯೊಳಗೆ ಬರುವ ಹೊತ್ತಿಗೆ ಅದು ಒಂದು ಬಾರ್‌ನ ಸಾವಿರ ಪಾಲುಗಳಲ್ಲಿ 21 ಪಾಲಿಗೆ ಇಳಿದಿರುತ್ತದೆ. ಸಿಎನ್‌ಜಿ ವಾಹನದ ಸಿಲಿಂಡರಿನಲ್ಲಿ ಮಾತ್ರ 200 ಬಾರ್. ಹೊಸ ಪ್ಲಾಸ್ಟಿಕ್ ಕೊಳವೆ ತಾನಾಗಿ ಸೋರುವುದು ಕಡಿಮೆ. ಅದರ ದೊಡ್ಡ ಶತ್ರು ಜೆಸಿಬಿ. ಚರಂಡಿಗೆ, ಕೇಬಲ್‌ಗೆ, ನೀರಿನ ಪೈಪಿಗೆ ಒಬ್ಬೊಬ್ಬರೂ ಅಗೆಯುತ್ತಾರೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ದಾವಣಗೆರೆಯವರು ಇದನ್ನು ಚೆನ್ನಾಗಿ ಕಂಡಿದ್ದಾರೆ. ಅಗೆಯುವ ಮೊದಲು ಕೆಳಗೆ ಯಾರ ಕೊಳವೆ ಇದೆ ಎಂದು ಕೇಳಿ ತಿಳಿಯುವುದಕ್ಕೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿತು. ನಿಮ್ಮ ಬೀದಿಯಲ್ಲಿ ಅಗೆತಕ್ಕೆ ಬಂದ ಗುತ್ತಿಗೆದಾರರಿಗೆ ಈ ಹೆಸರು ಹೇಳಿದರೂ ಅದು ಹವಾಮಾನಕ್ಕೆ ಮಾಡಿದ ನಿಜವಾದ ಉಪಕಾರ. ಅನಿಲಕ್ಕೆ ಬೇಕೆಂದೇ ಬೆರೆಸಿರುವ ಕೊಳೆತ ವಾಸನೆಯ ದ್ರವ್ಯದಿಂದ ಸೋರಿಕೆ ನಮ್ಮ ಮೂಗಿಗೆ ತಿಳಿಯುತ್ತದೆ. ಬೀದಿಯಲ್ಲಿ ಆ ವಾಸನೆ ಬಂದರೆ ಬೇರೆ ಯಾರಾದರೂ ಹೇಳಿರುತ್ತಾರೆ ಎಂದು ಸುಮ್ಮನಾಗಬೇಡಿ, ಬೆಂಕಿ ಮತ್ತು ಸ್ವಿಚ್ಚುಗಳಿಂದ ದೂರ ನಿಂತು ವಿತರಕರ ತುರ್ತು ಸಂಖ್ಯೆಗೆ ಕರೆ ಮಾಡಿ.

ಈಗ ನಾನು ಹೇಳಿದ್ದ ಲೆಕ್ಕ. ಒಂದೇ ಪ್ರಮಾಣದ ಶಾಖ ಪಡೆಯಲು ಬೇರೆ ಬೇರೆ ಇಂಧನ ಉರಿಸಿದರೆ ಎಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂಬುದಕ್ಕೆ ಐಪಿಸಿಸಿಯ ಪಟ್ಟಿಯಿದೆ. ಕಲ್ಲಿದ್ದಲಿಗೆ 95 ಎಂದಿಟ್ಟುಕೊಂಡರೆ ಡೀಸೆಲ್‌ಗೆ 74, ಪೆಟ್ರೋಲ್‌ಗೆ 69, ಸಿಲಿಂಡರಿನ ಎಲ್‌ಪಿಜಿಗೆ 63, ನೈಸರ್ಗಿಕ ಅನಿಲಕ್ಕೆ 56. ಕಲ್ಲಿದ್ದಲಿನ ಬಾಯ್ಲರ್ ಇರುವ ಕಾರ್ಖಾನೆ ಅನಿಲಕ್ಕೆ ಬಂದರೆ ದೊಡ್ಡ ಇಳಿಕೆ. ಮನೆಯ ಎಲ್‌ಪಿಜಿ ಬಿಟ್ಟು ಕೊಳವೆ ಅನಿಲಕ್ಕೆ ಬಂದರೆ ಉಳಿಯುವುದು ಬರೀ ಶೇ. 11.

ನೂರು ಕಿಲೋ ಮೀಥೇನ್ ಬಾವಿಯಿಂದ ಹೊರಟಿತು, ದಾರಿಯಲ್ಲಿ ಒಂದೇ ಒಂದು ಕಿಲೋ ಸೋರಿತು ಎಂದುಕೊಳ್ಳಿ. ಉಳಿದ 99 ಕಿಲೋ ಒಲೆಯಲ್ಲಿ ಉರಿದು 272 ಕಿಲೋ ಇಂಗಾಲದ ಡೈಆಕ್ಸೈಡ್ ಆಯಿತು. ಸೋರಿದ ಒಂದು ಕಿಲೋ ನೂರು ವರ್ಷದ ಲೆಕ್ಕದಲ್ಲಿ 30. ಒಟ್ಟು 302. ಅಂದರೆ ಶೇ. 11ರಷ್ಟು ಹೆಚ್ಚಾಯಿತು, 56 ಇದ್ದದ್ದು 62ಕ್ಕೆ ಏರಿತು. ಎಲ್‌ಪಿಜಿಯ 63ರ ಎದುರು ಗಳಿಸಿದ್ದ ಲಾಭ ಬಹುತೇಕ ಕರಗಿತು. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಅದೇ ಒಂದು ಕಿಲೋ 82 ಆಗಿ, ನಮ್ಮ 56 ಡೀಸೆಲಿನ ಹತ್ತಿರ 73ಕ್ಕೆ ತಲುಪುತ್ತದೆ. ಮೂರು ಕಿಲೋ ಸೋರಿದರೆ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಕಲ್ಲಿದ್ದಲನ್ನೂ ಮೀರುತ್ತದೆ. ಉಳಿದ ಇಂಧನಗಳ ದಾರಿಯಲ್ಲೂ ನಷ್ಟಗಳಿವೆ, ಅವನ್ನು ನಾನಿಲ್ಲಿ ಸೇರಿಸಿಲ್ಲ. ಆದರೂ ಈ ಲೆಕ್ಕ ಒಂದು ವಿಷಯವನ್ನು ತಿಳಿಸುತ್ತದೆ. ನೈಸರ್ಗಿಕ ಅನಿಲ ಶುದ್ಧ ಇಂಧನ ಎಂದು ಯಾರಾದರೂ ಹೇಳಿದರೆ, ಒಲೆಯ ಜ್ವಾಲೆಯನ್ನಷ್ಟೇ ನೋಡಿ ಒಪ್ಪಬೇಡಿ, ಅಲ್ಲಗಳೆಯಲೂ ಬೇಡಿ. ಶೇಕಡಾ ಎಷ್ಟು ಸೋರಿತು ಎಂದು ಕೇಳಿ. ಉತ್ತರ ಆ ಅಂಕಿಯಲ್ಲಿದೆ.

ತೈಲ ಶುದ್ಧೀಕರಣದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೆ ಬೇರೆಯೇ ಪಾಠ ಬೇಕು. ಕರ್ನಾಟಕದ ಏಕೈಕ ಶುದ್ಧೀಕರಣ ಘಟಕ ಮಂಗಳೂರಿನ ಎಂಆರ್‌ಪಿಎಲ್. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ಅಲ್ಲಿ ಹೊರಸೂಸುವಿಕೆ ಮುಖ್ಯವಾಗಿ ಕುಲುಮೆಗಳಿಂದ, ಮತ್ತು ಗಂಧಕ ತೆಗೆಯಲು ಬೇಕಾದ ಜಲಜನಕದ ತಯಾರಿಕೆಯಿಂದ. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರ್ ಉದ್ದದ ಅನಿಲ ಕೊಳವೆಮಾರ್ಗ 2021ರ ಜನವರಿ 5ರಂದು ಲೋಕಾರ್ಪಣೆಯಾಯಿತು. ಅದರಿಂದ ಅಲ್ಲಿನ ಕಾರ್ಖಾನೆಗಳಿಗೆ ದ್ರವ ಇಂಧನದ ಬದಲು ಅನಿಲ ಬಳಸುವುದು ಸಾಧ್ಯವಾಯಿತು. ಶಾಖವನ್ನು ಪೋಲು ಮಾಡದೆ ಮರುಬಳಸುವುದು ಮತ್ತು ಸೌರ, ಪವನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆಯುವುದು ಇದರ ಮುಂದಿನ ಹೆಜ್ಜೆಗಳು.

ನಮ್ಮ ಜಿಲ್ಲೆಗೆ ಹೆಚ್ಚು ಹತ್ತಿರದ ದಾರಿ ಇನ್ನೊಂದಿದೆ. ಗೊಬ್ಬರ, ಕಸ, ಬೆಳೆಯ ಉಳಿಕೆಗಳಿಂದ ಬರುವ ಜೈವಿಕ ಅನಿಲವನ್ನು ಶುದ್ಧೀಕರಿಸಿದರೆ ಉಳಿಯುವುದು ಮೀಥೇನೇ. ಅದನ್ನು ಅದೇ ಕೊಳವೆಗೆ ಸೇರಿಸಬಹುದು. ಕೇಂದ್ರ ಸರ್ಕಾರ ಇದನ್ನು ಈಗ ಕಡ್ಡಾಯ ಮಾಡಿದೆ. ನಗರ ಅನಿಲ ಸಂಸ್ಥೆಗಳು ಸಿಎನ್‌ಜಿ ಮತ್ತು ಮನೆಬಳಕೆಯ ಅನಿಲದಲ್ಲಿ ಜೈವಿಕ ಅನಿಲದ ಪಾಲನ್ನು 2025–26ರಲ್ಲಿ ಶೇ. 1ರಿಂದ ಆರಂಭಿಸಿ, 2028–29ರ ಹೊತ್ತಿಗೆ ಶೇ. 5ಕ್ಕೆ ಏರಿಸಬೇಕು. ಮೆಕ್ಕೆಜೋಳದ ದಂಟು, ಭತ್ತದ ಹುಲ್ಲು, ಕೋಳಿಫಾರಂ ಗೊಬ್ಬರ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿದಾಗ ಉಳಿಯುವ ಚರಟ, ಇವು ಯಾವುದಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಇವುಗಳಲ್ಲಿರುವ ಇಂಗಾಲ ಬೆಳೆ ಕಳೆದ ವರ್ಷ ಗಾಳಿಯಿಂದಲೇ ಪಡೆದದ್ದು, ಹಾಗಾಗಿ ಉರಿಸಿದರೆ ಹೊಸ ಹೊರೆಯಲ್ಲ. ಇಲ್ಲೂ ನಮ್ಮ ಲೆಕ್ಕ ಬದಲಾಗದು ಎಂಬುದನ್ನು ಮಾತ್ರ ಮರೆಯಬೇಡಿ. ಜೈವಿಕ ಅನಿಲದ ತೊಟ್ಟಿ ಸೋರಿದರೂ ಹೊರಬರುವುದು ಮೀಥೇನೇ.

ಇನ್ನು ವಾಗ್ದಾನಗಳನ್ನು ಓದುವ ಬಗೆ. ‘ನೆಟ್ ಝೀರೋ’ ಎಂದರೆ ಹೊರಬಿಟ್ಟಷ್ಟನ್ನು ಹೀರಿಕೊಂಡು ಲೆಕ್ಕ ಸೊನ್ನೆ ಮಾಡುವುದು. ಗೇಲ್ ಇದಕ್ಕೆ 2035, ಒಎನ್‌ಜಿಸಿ 2038, ಇಂಡಿಯನ್ ಆಯಿಲ್ 2046 ಎಂದು ಗುರಿ ಇಟ್ಟುಕೊಂಡಿವೆ. 2023ರ ಡಿಸೆಂಬರ್‌ನಲ್ಲಿ ದುಬೈನ ಹವಾಮಾನ ಸಮ್ಮೇಳನದಲ್ಲಿ ಹೊರಟ ಸನ್ನದಿಗೆ ಸಹಿ ಹಾಕಿದ ತೈಲ ಸಂಸ್ಥೆಗಳಲ್ಲಿ ಒಎನ್‌ಜಿಸಿಯೂ ಇದೆ. 2030ರ ಹೊತ್ತಿಗೆ ಮೀಥೇನ್ ಸೋರಿಕೆಯನ್ನು ಸೊನ್ನೆಯ ಹತ್ತಿರಕ್ಕೆ ತರುವುದು, ದಿನನಿತ್ಯದ ಫ್ಲೇರಿಂಗ್ ನಿಲ್ಲಿಸುವುದು ಆ ಸನ್ನದಿನ ಗುರಿ. ಇವೆಲ್ಲ ಸ್ವಾಗತಾರ್ಹ. ಆದರೆ ‘ಸ್ಕೋಪ್’ ಎಂಬ ಪದವನ್ನು ಹುಡುಕಿ ಓದಿ. ಸ್ಕೋಪ್ 1 ಎಂದರೆ ಸಂಸ್ಥೆ ತಾನೇ ಹೊರಬಿಟ್ಟದ್ದು. ಸ್ಕೋಪ್ 2 ಎಂದರೆ ಕೊಂಡ ವಿದ್ಯುತ್ತಿನದು. ಮಾರಿದ ಇಂಧನವನ್ನು ಗ್ರಾಹಕರು ಉರಿಸಿದ್ದು ಸ್ಕೋಪ್ 3ಕ್ಕೆ ಸೇರುತ್ತದೆ, ಎಲ್ಲಕ್ಕಿಂತ ದೊಡ್ಡದು ಅದೇ. ಗೇಲ್‌ನ 2035ರ ಗುರಿ ಮೊದಲೆರಡಕ್ಕೆ ಮಾತ್ರ. ಅದನ್ನು ತಿಳಿದು ಓದಿದರೆ ವಾಗ್ದಾನದ ನಿಜವಾದ ಗಾತ್ರ ಕಾಣುತ್ತದೆ.

ಕೊನೆಗೆ ನಿಮ್ಮ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ ಬಳಕೆಯನ್ನು ಎಸ್‌ಸಿಎಂ, ಅಂದರೆ ನಿಗದಿತ ಉಷ್ಣತೆ ಮತ್ತು ಒತ್ತಡದಲ್ಲಿನ ಘನ ಮೀಟರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಒಂದು ಎಸ್‌ಸಿಎಂ ಅನಿಲ ಸುಮಾರು 0.7 ಕಿಲೋ, ಉರಿದರೆ ಸುಮಾರು ಎರಡು ಕಿಲೋ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 12 ಎಸ್‌ಸಿಎಂ ಬಳಸುವ ಮನೆಯಿಂದ ಹೆಚ್ಚುಕಡಿಮೆ 24 ಕಿಲೋ. ಈ ಲೆಕ್ಕ ನಿಮ್ಮ ಮೀಟರಿನಿಂದ ಒಳಗಿನದು. ಮೀಟರಿನ ಹೊರಗೆ ಸೋರಿದ್ದು ಯಾರ ಬಿಲ್ಲಿನಲ್ಲೂ ಬರುವುದಿಲ್ಲ. ವಿತರಕ ಸಂಸ್ಥೆಗೆ ಮಾತ್ರ ಅದರ ಸುಳಿವು ಸಿಗುತ್ತದೆ. ಗೇಲ್‌ನಿಂದ ಕೊಂಡ ಅನಿಲವೆಷ್ಟು, ಗ್ರಾಹಕರಿಗೆ ಮಾರಿದ್ದೆಷ್ಟು ಎಂಬ ಎರಡು ಅಂಕಿಗಳ ನಡುವಿನ ವ್ಯತ್ಯಾಸಕ್ಕೆ ‘ಲೆಕ್ಕಕ್ಕೆ ಸಿಗದ ಅನಿಲ’ ಎನ್ನುತ್ತಾರೆ. ಅದರಲ್ಲಿ ಮೀಟರುಗಳ ತಪ್ಪೂ ಸೇರಿರುತ್ತದೆ, ಎಲ್ಲವೂ ಸೋರಿಕೆಯಲ್ಲ. ಆದರೂ ಅದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಕೊಳವೆಜಾಲದ ಆರೋಗ್ಯ ತಿಳಿಯುತ್ತದೆ. ಷೇರುಪೇಟೆಯ ಅಗ್ರ ಒಂದು ಸಾವಿರ ಕಂಪನಿಗಳು ಪರಿಸರದ ಅಂಕಿಅಂಶಗಳ ವರದಿಯನ್ನು 2022–23ರಿಂದ ಪ್ರತಿವರ್ಷ ಕಡ್ಡಾಯವಾಗಿ ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ವಿಧಿಸಿದೆ. ಯಾರು ಬೇಕಾದರೂ ಅದನ್ನು ಓದಬಹುದು. ಬಿಐಇಟಿ ಅಥವಾ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಆ ವರದಿಯನ್ನು ಜೊತೆಯಲ್ಲಿ ಕೂತು ತೆರೆಯಿರಿ. ಮೊದಲು ಸ್ಕೋಪ್ 1ರ ಸಾಲನ್ನು ನೋಡಿ. ಅದರಲ್ಲಿ ಮೀಥೇನ್ ಅನ್ನು ಬೇರೆಯಾಗಿ ತೋರಿಸಿದ್ದಾರೆಯೇ, ಆ ಅಂಕಿ ಅಳೆದದ್ದೋ ಅಂದಾಜಿನದೋ ಎಂದು ಗುರುತು ಹಾಕಿಕೊಳ್ಳಿ. ಉತ್ತರ ಸಿಗದಿದ್ದರೆ ವಿತರಕರಿಗೆ ಒಂದು ಪತ್ರ ಬರೆದು ಕೇಳಿ.